ಒಂದು ಒಲೆ, ಎರಡು ಹಂಚು: ಪುಣೆಯ ಒಂದು ಕನ್ನಡ ಕ್ರೈಸ್ತ ಮನೆಯ ಪ್ರಕರಣ

ಹಡಪ್ಸರದ ಆ ಎರಡು ಖೋಲಿ ಮನೆಯಲ್ಲಿ ಒಲೆ ಒಂದೇ, ರೊಟ್ಟಿ ಹಂಚು ಎರಡು. ಒಂದು ತಾಯಿಯದು. ಕಲಬುರಗಿ ಕಡೆಯಿಂದ ಪುಣೆಗೆ ಬರುವಾಗ ಗಂಟಿನಲ್ಲಿ ಕಟ್ಟಿಕೊಂಡು ತಂದದ್ದು. ಕಬ್ಬಿಣದ್ದು. ನಡುವೆ ಸ್ವಲ್ಪ ತಗ್ಗು ಬಿದ್ದಿದೆ, ಅಂಚಿಗೆ ದಪ್ಪ ಮಸಿ ಕಟ್ಟಿದೆ. ಇನ್ನೊಂದು ಹೊಸದು, ಮಗ ಕಳೆದ ವರ್ಷ ತಂದದ್ದು. ಹಳೆಯ ಹಂಚಿನಲ್ಲಿ ತಾಯಿ ಒಣ ಸೀಗಡಿ ಹುರಿಯುತ್ತಾರೆ. ಇಲ್ಲಿನವರು ಅದಕ್ಕೆ ಸುಕಟ್ ಅನ್ನುತ್ತಾರೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿದರೆ ಜೋಳದ ರೊಟ್ಟಿಗೆ ಅದಕ್ಕಿಂತ ಬೇರೆ ಬೇಕಾಗುವುದಿಲ್ಲ. ಆದರೆ ಬೈಬಲಿನ ಯಾಜಕಕಾಂಡದ 11ನೇ ಅಧ್ಯಾಯದ ಪ್ರಕಾರ ಈಜುರೆಕ್ಕೆಯೂ ಪೊರೆಯೂ ಇಲ್ಲದ ನೀರಿನ ಜೀವಿಯನ್ನು ತಿನ್ನಬಾರದು. ಸೀಗಡಿಗೆ ಎರಡೂ ಇಲ್ಲ. ಅದಕ್ಕೇ ಹೊಸ ಹಂಚು ಬಂತು.

ನಾನು ಪಾಸ್ಟರ್ ಅಲ್ಲ. ನಮ್ಮ ಕನ್ನಡ ಸಭೆಯ ಹಿರಿಯರಲ್ಲಿ ಒಬ್ಬ. ಸಂಡೇ ಸ್ಕೂಲ್ ನೋಡಿಕೊಳ್ಳುತ್ತೇನೆ. ಈ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಮಗನನ್ನು ತಮ್ಮ ಎನ್ನುತ್ತೇನೆ, ತಾಯಿಯನ್ನು ಅಕ್ಕ. ಹೇಗೂ ನಾನು ಅವರನ್ನು ಕರೆಯುವುದೇ ಹಾಗೆ.

ಯೇಸುವನ್ನು ನಂಬಿದವರು ಮೋಶೆಯ ಧರ್ಮಶಾಸ್ತ್ರವನ್ನು, ಅಂದರೆ ಯೆಹೂದ್ಯರು ತೋರಾ ಎನ್ನುವ ಬೈಬಲಿನ ಮೊದಲ ಐದು ಪುಸ್ತಕಗಳ ಕಟ್ಟಳೆಗಳನ್ನು, ಇಂದಿಗೂ ಪಾಲಿಸಬೇಕೇ? ಈ ಪ್ರಶ್ನೆ ಬರೀ ಪುಸ್ತಕದ್ದು ಎಂದು ನಾನು ತಿಳಿದಿದ್ದೆ. ಅದು ಒಂದು ಅಡುಗೆಮನೆಗೂ, ಹದಿನಾಲ್ಕು ಜನರ ಪಗಾರಕ್ಕೂ, ಎಂಟು ದಿನದ ಒಂದು ಕೂಸಿಗೂ ಬಂದು ಮುಟ್ಟುತ್ತದೆ ಅಂತ ಗೊತ್ತಿರಲಿಲ್ಲ.

ಬಿದ್ದ ದಿನ

ತಮ್ಮ ಸೆಂಟ್ರಿಂಗ್ ಕೆಲಸದ ಠೇಕೆ ಹಿಡಿಯುತ್ತಾನೆ. ಅವನ ಕೈಕೆಳಗೆ ಹದಿನಾಲ್ಕು ಜನ. ಹೆಚ್ಚಿನವರು ಕಲಬುರಗಿ, ಬೀದರ ಕಡೆಯವರು, ಕೆಲವರು ನಮ್ಮ ಸಭೆಯವರೇ. ಎರಡು ವರ್ಷದ ಹಿಂದೆ ಒಂದು ಕಟ್ಟಡದ ಎರಡನೇ ಸ್ಲ್ಯಾಬಿನ ಅಂಚಿನಿಂದ ಅವನು ಕೆಳಗೆ ಬಿದ್ದ. ಅಂಚಿಗೆ ಕಟಕಟೆ ಇರಲಿಲ್ಲ, ಬಲೆ ಇರಲಿಲ್ಲ. ಕಟ್ಟಿಸುತ್ತಿದ್ದವರು ದವಾಖಾನೆಯ ಮೊದಲ ಬಿಲ್ಲು ಕೊಟ್ಟು ಕೈತೊಳೆದುಕೊಂಡರು. ಬಲಗಾಲು ಎರಡು ಕಡೆ ಮುರಿದಿತ್ತು. ಎರಡು ತಿಂಗಳು ಮಂಚ ಬಿಟ್ಟು ಏಳಲಿಲ್ಲ.

ಆ ಎರಡು ತಿಂಗಳಲ್ಲಿ ಮೊಬೈಲಿನಲ್ಲಿ ಬೋಧನೆಯ ವಿಡಿಯೋಗಳನ್ನು ನೋಡಿದ. ಅದರ ಜೊತೆಗೆ, ಜೀವನದಲ್ಲಿ ಮೊದಲ ಸಲ, ಐದು ಪುಸ್ತಕಗಳನ್ನು ಪೂರ್ತಿ ಓದಿದ. ಧರ್ಮೋಪದೇಶಕಾಂಡದ 22ನೇ ಅಧ್ಯಾಯಕ್ಕೆ ಬಂದಾಗ 8ನೇ ವಚನದಲ್ಲಿ ನಿಂತುಬಿಟ್ಟ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು, ಇಲ್ಲದಿದ್ದರೆ ಬಿದ್ದವನ ರಕ್ತದ ಅಪರಾಧ ಆ ಮನೆಯ ಮೇಲೆ ಬರುತ್ತದೆ ಎನ್ನುವ ವಚನ ಅದು.

ನಾನು ನೋಡಲು ಹೋದಾಗ ಕಾಲು ದಿಂಬಿನ ಮೇಲಿತ್ತು, ಬೈಬಲ್ ಹೊಟ್ಟೆಯ ಮೇಲಿತ್ತು. "ಕಾಕಾ, ಹುಟ್ಟಿದಾಗಿಂದ ಸಭಾಕ್ಕ ಬರ್ಲಿಕತ್ತೀನಿ. ಈ ವಚನ ಒಮ್ಮೆರೆ ಯಾರರೆ ಓದ್ಯಾರೇನು?" ಅಂದ.

ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ. ಕಟ್ಟಡ ಕೆಲಸದವರಿಂದ ತುಂಬಿದ ಸಭೆ ನಮ್ಮದು. ದೇವರು ಮಾಳಿಗೆಯ ಅಂಚಿನ ಬಗ್ಗೆ ಒಂದು ಆಜ್ಞೆ ಕೊಟ್ಟಿದ್ದಾನೆ ಅಂತ ನಮ್ಮ ಜನಕ್ಕೆ ನಾವು ಒಂದು ಸಲವೂ ಹೇಳಿರಲಿಲ್ಲ. ಈ ಪ್ರಕರಣದಲ್ಲಿ ಯಾರ ತಪ್ಪು ಎಷ್ಟು ಅಂತ ಲೆಕ್ಕ ಹಾಕುವಾಗ ನಾನು ಮೊದಲು ಬರೆದುಕೊಳ್ಳುವುದು ಇದನ್ನೇ.

ಬೇರೆ ಬಸಿ

ಕಾಲು ಕೂಡಿತು. ಅವನು ಎದ್ದು ಓಡಾಡತೊಡಗಿದ. ಆದರೆ ಭಾನುವಾರ ಬರುವುದು ನಿಂತಿತು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಸೂರ್ಯ ಮುಳುಗುವವರೆಗೆ ಸಬ್ಬತ್. ಆಗ ದುಡ್ಡು ಮುಟ್ಟುವುದಿಲ್ಲ, ಕೆಲಸವಿಲ್ಲ. ಯೇಸು ಎನ್ನುವುದು ಬಿಟ್ಟು ಯೇಶುವಾ ಎನ್ನತೊಡಗಿದ. ಪ್ಯಾಂಟಿನ ಬೆಲ್ಟ್ ಪಟ್ಟಿಗೆ ನೀಲಿ ದಾರ ಸೇರಿಸಿದ ಗೊಂಡೆ ಕಟ್ಟಿಕೊಂಡ. ಅರಣ್ಯಕಾಂಡ 15ರಲ್ಲಿ ಹಾಗೆ ಹೇಳಿದೆ. ಕ್ರಿಸ್ಮಸ್‌ಗೆ ಮನೆಯಲ್ಲಿ ನಕ್ಷತ್ರ ಕಟ್ಟಲು ಬಿಡಲಿಲ್ಲ. ಕೊನೆಗೆ ಹಂಚು ತಂದ.

ಅಕ್ಕ ಜಗಳ ಆಡುವವರಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕೂತೇ ಇದ್ದರು. ಆಮೇಲೆ ಹೇಳಿದರು: "ನಮ್ಮೂರ ಹೋಟೆಲ್‌ನಾಗ ನಮ್ಮಪ್ಪಗ ಬ್ಯಾರೆ ಬಸಿ ಇಟ್ಟಿದ್ರು. ಚಾ ಕುಡದು ಅವ್ನೇ ತೊಳದು ಗೂಡಿನಾಗ ಇಡಬೇಕಿತ್ತು. ಈಗ ನಾ ಹಡದ ಮಗ ನನಗ ಬ್ಯಾರೆ ಹಂಚು ಇಟ್ಟಾನ."

ನನಗೆ ಬಾಯಿಗೆ ಮಾತು ಬರಲಿಲ್ಲ. ನಮ್ಮ ಹಿರಿಯರು ಈ ನಂಬಿಕೆಗೆ ಬಂದದ್ದು ಯಾಕೆ ಎಂದು ಕೇಳಿದರೆ ಎಷ್ಟೋ ಕಾರಣ ಹೇಳಬಹುದು. ಆದರೆ ನಮ್ಮಜ್ಜಿ ಹೇಳುತ್ತಿದ್ದದ್ದು ಒಂದೇ. ಕರ್ತನ ಭೋಜನದಲ್ಲಿ ಎಲ್ಲರಿಗೂ ಒಂದೇ ಪಾತ್ರೆ. ಆ ಒಂದು ಪಾತ್ರೆಗಾಗಿ ಊರು ಬಿಟ್ಟವರಿದ್ದಾರೆ. ಅಂಥ ಮನೆಯಲ್ಲಿ, ಅದೇ ದೇವರ ಹೆಸರಿನಲ್ಲಿ, ಪಾತ್ರೆ ಮತ್ತೆ ಬೇರೆಯಾಗಿತ್ತು.

ತಮ್ಮನಿಗೆ ಆ ಉದ್ದೇಶ ಇರಲಿಲ್ಲ ಅಂತ ನನಗೆ ಗೊತ್ತು. ಅವ್ವನ ಮೇಲೆ ಜೀವ ಇಟ್ಟವನು ಅವನು. ದೇವರ ಮಾತಿಗೆ ವಿಧೇಯನಾಗಬೇಕು ಎನ್ನುವುದೊಂದೇ ಅವನ ತಲೆಯಲ್ಲಿತ್ತು.

ಮೊದಲ ಕೂಟ ಕೆಟ್ಟಿತು

ನಮ್ಮ ಅಯ್ಯನವರು, ಅಂದರೆ ಸಭೆಯ ಪಾಸ್ಟರ್, ಒಳ್ಳೆಯವರು, ಪ್ರಾರ್ಥನೆಯ ಮನುಷ್ಯ. ಆದರೆ ಆ ದಿನ ಅವಸರ ಮಾಡಿದರು. "ಅದೆಲ್ಲ ಹಳೆ ಒಡಂಬಡಿಕೆ ತಮ್ಮಾ. ಮುಗೀತು. ನಾವು ಕೃಪೆಯಲ್ಲಿದ್ದೀವಿ," ಅಂದರು. ತಮ್ಮ ಮತ್ತಾಯ 5ನ್ನು ತೆಗೆದ. ಧರ್ಮಶಾಸ್ತ್ರವನ್ನು ತೆಗೆದುಹಾಕಲು ಬಂದಿಲ್ಲ, ನೆರವೇರಿಸಲು ಬಂದಿದ್ದೇನೆ ಎಂದು ಯೇಸುವೇ ಹೇಳಿದ ಮಾತು. ಆಕಾಶ ಭೂಮಿ ಅಳಿಯುವವರೆಗೂ ಒಂದು ಗುಡುಸೂ ಅಳಿಯದು ಎನ್ನುವ ಮಾತು. "ಮುಗೀತು ಅಂತ ನೀವು ಹೇಳ್ತೀರಿ. ಆಕಾಶ ಇನ್ನೂ ಮ್ಯಾಲೇ ಅದಲ್ರೀ ಅಯ್ಯಾ?" ಅಂದ. ಅಯ್ಯನವರು ಬೈಬಲ್ ಮುಚ್ಚಿದರು. ಕೂಟ ಅಲ್ಲಿಗೆ ಮುಗಿಯಿತು.

"ಹಳೆಯದು ಮುಗಿಯಿತು" ಎನ್ನುವ ಸುಲಭದ ಉತ್ತರ ನಮ್ಮ ಸಭೆಗಳಲ್ಲಿ ಜಾಸ್ತಿ ಓಡಾಡುತ್ತದೆ. ಅದು ಸರಿಯಲ್ಲ. 2ನೇ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆ ಒಡಂಬಡಿಕೆಯ ದೇವರೇ ಬೇರೆ, ಆ ಪುಸ್ತಕಗಳೇ ನಮಗೆ ಬೇಡ ಎಂದ. 144ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಅಂದರೆ ಆದಿಸಭೆಗೆ ಧರ್ಮಶಾಸ್ತ್ರ ಬೇಡವಾದ ವಸ್ತು ಆಗಿರಲೇ ಇಲ್ಲ. ಅದು ದೇವರ ವಾಕ್ಯವೇ. ಅದರ ಯಾವ ಕಟ್ಟಳೆ ಯಾರ ಮೇಲೆ, ಯಾವ ರೀತಿ ಬೀಳುತ್ತದೆ ಎನ್ನುವುದು ಅವರ ಪ್ರಶ್ನೆ. ಈ ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ನಾನು ತಮ್ಮನಿಗೆ ಫೋನ್ ಮಾಡಿದೆ. ನಾನೇ ನಿನ್ನ ಮನೆಗೆ ಬರುತ್ತೇನೆ, ಶನಿವಾರ ಮಧ್ಯಾಹ್ನ, ನಿನ್ನ ಸಬ್ಬತ್ ದಿನವೇ, ಇಬ್ಬರೂ ಕೂತು ಓದೋಣ ಎಂದೆ. ಅವನಿಗೆ ಖುಷಿಯಾಯಿತು. ಹಾಗೆ ಐದು ಶನಿವಾರ ಕೂತೆವು.

ಯೆರೂಸಲೇಮಿನ ಪತ್ರ

ಭಾನುವಾರದ ವಿಷಯ ಬೇಗ ಮುಗಿಯಿತು. ಭಾನುವಾರ ಬಂದದ್ದು ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿಯಿಂದ ಅಂತ ಅವನು ವಿಡಿಯೋದಲ್ಲಿ ಕೇಳಿದ್ದ. 321ರಲ್ಲಿ ಆ ಚಕ್ರವರ್ತಿ ಭಾನುವಾರವನ್ನು ರಜೆಯ ದಿನ ಮಾಡಿದ್ದು ನಿಜ. ಆದರೆ ಅದಕ್ಕೂ ಮೊದಲೇ, 2ನೇ ಶತಮಾನದ ನಡುವಿನಲ್ಲಿ, ಜಸ್ಟಿನ್ ಎಂಬ ಹುತಾತ್ಮ ರೋಮಿನಲ್ಲಿ ಕೂತು ಭಾನುವಾರದ ಆರಾಧನೆ ಹೇಗೆ ನಡೆಯುತ್ತದೆ ಎಂದು ಬರೆದಿಟ್ಟಿದ್ದಾನೆ. ಅಪೊಸ್ತಲರ ಕೃತ್ಯಗಳು 20ರಲ್ಲಿ ವಾರದ ಮೊದಲನೆಯ ದಿನ ರೊಟ್ಟಿ ಮುರಿಯಲು ಸೇರಿದ್ದು ಇದೆ. ತಮ್ಮ ಒಪ್ಪಿದ. ಇಲ್ಲೇ ಔಂಧ್‌ನಲ್ಲಿ ದೊಡ್ಡ ವಿದ್ಯಾಸಂಸ್ಥೆ ಇಟ್ಟುಕೊಂಡಿರುವ ಸೆವೆಂತ್‌ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡದವರು ಶನಿವಾರವನ್ನೇ ಇಟ್ಟುಕೊಂಡಿದ್ದಾರೆ. ಇಥಿಯೋಪಿಯದ ಹಳೆಯ ಸಭೆ ಶನಿವಾರ ಭಾನುವಾರ ಎರಡನ್ನೂ ಗೌರವಿಸುತ್ತದೆ, ಹಂದಿ ಮಾಂಸ ತಿನ್ನುವುದಿಲ್ಲ. ಯಾವ ದಿನ ಎನ್ನುವುದಕ್ಕೆ ಯಾರನ್ನೂ ಸಭೆಯಿಂದ ದೂರ ಮಾಡಬೇಕಿಲ್ಲ ಎಂದು ನಾನೂ ಒಪ್ಪಿದೆ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಅಷ್ಟು ಜಾಗ ಕೊಡುತ್ತದೆ.

ನಿಜವಾದ ಮಾತುಕತೆ ನಡೆದದ್ದು ಅಪೊಸ್ತಲರ ಕೃತ್ಯಗಳು 15ರ ಮೇಲೆ. ಎರಡು ಶನಿವಾರ ಪೂರ್ತಿ ಅದಕ್ಕೇ ಹೋಯಿತು.

ಕ್ರಿ.ಶ. 50ರ ಆಸುಪಾಸು. ಯೂದಾಯದಿಂದ ಕೆಲವರು ಅಂತಿಯೋಕ್ಯಕ್ಕೆ ಬಂದು, ಮೋಶೆಯ ಪದ್ಧತಿಯಂತೆ ಸುನ್ನತಿ ಮಾಡಿಸಿಕೊಳ್ಳದಿದ್ದರೆ ನಿಮಗೆ ರಕ್ಷಣೆ ಇಲ್ಲ ಎಂದು ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳಿಗೆ ಬೋಧಿಸಿದರು. ನೋಡಿ, ನಮ್ಮ ಪ್ರಶ್ನೆಯೇ ಅದು. ಅನ್ಯಜನರಿಗೆ ಸುವಾರ್ತೆ ಸಾರುತ್ತಿದ್ದ ಪೌಲ, ಬಾರ್ನಬ ಯೆರೂಸಲೇಮಿಗೆ ಹೋದರು. ಸಭೆ ಸೇರಿತು. ಯೇಸುವಿನ ಶಿಷ್ಯ ಪೇತ್ರ ಎದ್ದು ನಿಂತು, ನಮ್ಮ ಪಿತೃಗಳೂ ನಾವೂ ಹೊರಲಾರದ ನೊಗವನ್ನು ಶಿಷ್ಯರ ಹೆಗಲ ಮೇಲೆ ಯಾಕೆ ಹಾಕುತ್ತೀರಿ ಎಂದು ಕೇಳಿದ. ಕೊನೆಗೆ ಅಲ್ಲಿನ ಸಭೆಯ ಮುಖಂಡ ಯಾಕೋಬ ತೀರ್ಮಾನ ಹೇಳಿದ. ಅದನ್ನು ಪತ್ರದಲ್ಲಿ ಬರೆದು ಕಳಿಸಿದರು. ನಾಲ್ಕೇ ವಿಷಯ: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ. ಇವುಗಳಿಂದ ದೂರ ಇರಿ.

ತಮ್ಮ 21ನೇ ವಚನದ ಮೇಲೆ ಬೆರಳಿಟ್ಟ. ಪ್ರತಿ ಸಬ್ಬತ್ತಿನಲ್ಲೂ ಸಭಾಮಂದಿರಗಳಲ್ಲಿ ಮೋಶೆಯ ಗ್ರಂಥ ಓದಲ್ಪಡುತ್ತದೆ ಎಂದು ಯಾಕೋಬ ಅಲ್ಲಿ ಹೇಳುತ್ತಾನೆ. "ಅಂದ್ರ ಕಾಕಾ, ಈ ನಾಲ್ಕು ಶುರುವಿನವು. ಉಳದದ್ದು ಹಂತ ಹಂತಾಗಿ ಅಲ್ಲಿ ಕಲೀತಾರ ಅಂತ."

ಇದು ಅವನ ಪಕ್ಷದ ಗಟ್ಟಿ ವಾದ. ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಾನು ಆ ವಾರ ಮನೆಗೆ ಹೋಗಿ ಮತ್ತೆ ಮತ್ತೆ ಓದಿದೆ. ಮುಂದಿನ ಶನಿವಾರ ಎರಡು ಮಾತು ಹೇಳಿದೆ.

ಮೊದಲನೆಯದು, ಆ ಪತ್ರದಲ್ಲಿಯೇ ಇವುಗಳಿಗಿಂತ ಹೆಚ್ಚಿನ ಭಾರ ಹಾಕುವುದಿಲ್ಲ ಎಂದು ಬರೆದಿದೆ. ಅಂತಿಯೋಕ್ಯದಲ್ಲಿ ಓದಿದಾಗ ಜನ ಕೇಳಿ ಸಂತೋಷಪಟ್ಟರು. ಇದು ಯೆಹೂದ್ಯರು ತೋರಾದಲ್ಲಿ ಎಣಿಸುವ 613 ಆಜ್ಞೆಗಳ ಮೊದಲ ಕಂತು, ಉಳಿದ ಕಂತು ಮುಂದಿದೆ, ಅದರಲ್ಲಿ ಸುನ್ನತಿಯೂ ಇದೆ ಅಂತಾಗಿದ್ದರೆ, ಕೇಳಿದ ಗಂಡಸರು ಅಷ್ಟು ಸಂತೋಷಪಡುತ್ತಿದ್ದರಾ?

ಎರಡನೆಯದು ಅವನಿಗೇ ಖುಷಿ ಕೊಟ್ಟ ಮಾತು. ಆ ನಾಲ್ಕು ಎಲ್ಲಿಂದ ಬಂದವು? ಯಾಜಕಕಾಂಡದ 17, 18ನೇ ಅಧ್ಯಾಯ ತೆಗೆದು ಓದಿದೆವು. ಅನ್ಯದೇವತೆಗಳಿಗೆ ಬಲಿ, ರಕ್ತ, ಸತ್ತುಬಿದ್ದ ಪ್ರಾಣಿ, ಕೆಟ್ಟ ಸಂಗ. ಅಲ್ಲಿ ಇಸ್ರಾಯೇಲ್ಯರಿಗೆ ಮಾತ್ರವಲ್ಲ, ಅವರ ನಡುವೆ ಇಳಿದುಕೊಂಡ ಪರದೇಶಿಗೂ ಈ ಕಟ್ಟಳೆ ಎಂದು ಹೇಳಿದೆ. ಅಂದರೆ ಅಪೊಸ್ತಲರು ತೋರಾವನ್ನು ಪಕ್ಕಕ್ಕೆ ಸರಿಸಿ ತೀರ್ಮಾನ ಮಾಡಲಿಲ್ಲ. ತೋರಾವನ್ನೇ ತೆರೆದು, ಹೊರಗಿನಿಂದ ಬಂದು ಜೊತೆಗೆ ಬಾಳುವವನಿಗೆ ದೇವರು ಏನು ಹೇಳಿದ್ದಾನೆ ಎಂದು ನೋಡಿದರು. ಪರದೇಶಿ ಯೆಹೂದ್ಯನಾಗಬೇಕಿಲ್ಲ. ಪರದೇಶಿಯಾಗಿಯೇ ಜೊತೆಗಿರಬಹುದು. ನಾವೂ ಪುಣೆಯಲ್ಲಿ ಹೊರಗಿನಿಂದ ಬಂದವರೇ ಅಲ್ವಾ? ಮರಾಠಿ ಕಲಿತೆವು, ಇಲ್ಲಿನ ಕಾಯಿದೆ ಪಾಲಿಸುತ್ತೇವೆ. ಆದರೆ ಮನೆಯ ಮಾತು ಕನ್ನಡವೇ.

ತಮ್ಮ ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಆ ನಾಲ್ಕರೆ ನೀವು ಇಟ್ಕೊಂಡೀರೇನು ಕಾಕಾ? ನಿಮ್ಮ ಮನ್ಯಾಗ ರಕ್ತಿ ಮಾಡಂಗಿಲ್ಲೇನು?"

ರಕ್ತಿ ಅಂದರೆ ಮೇಕೆಯ ರಕ್ತದ ಪಲ್ಯ. ಮಾಡುತ್ತಿದ್ದೆವು. ಊರಲ್ಲಿ ಬಡವರಿಗೆ ಸಿಗುತ್ತಿದ್ದದ್ದೇ ಅದು, ಚಿಕ್ಕಂದಿನಿಂದ ತಿಂದವರು ನಾವು. ರಕ್ತದ ಕಟ್ಟಳೆ ಆ ಕಾಲಕ್ಕೆ, ಯೆಹೂದ್ಯರೂ ಅನ್ಯಜನರೂ ಕೂಡಿ ಉಣ್ಣುವುದಕ್ಕೆ ಮಾತ್ರ ಹೇಳಿದ್ದು ಎಂದು 5ನೇ ಶತಮಾನದ ಹೊತ್ತಿಗೆ, ಅಗಸ್ಟೀನ್ ಎಂಬ ಬಿಷಪರ ಕಾಲಕ್ಕೇ, ಪಶ್ಚಿಮದ ಸಭೆ ತಿಳಿದಿತ್ತು. ಅದನ್ನು ಅವನಿಗೆ ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ. ಆ ವಚನವನ್ನು ಅವನ ಮುಂದೆ ಹಿಡಿದವನು ನಾನು. ಅವತ್ತಿನಿಂದ ನಮ್ಮ ಮನೆಯಲ್ಲಿ ರಕ್ತಿ ಮಾಡುವುದಿಲ್ಲ.

ರಾಸ್ತಾ ಪೇಟೆಯ ಅಜ್ಜ

ಪುಣೆಯಲ್ಲಿ ಯೆಹೂದ್ಯರು ತುಂಬಾ ಹಿಂದಿನಿಂದ ಇದ್ದಾರೆ. ಕ್ಯಾಂಪಿನ ಕೆಂಪು ಇಟ್ಟಿಗೆಯ ಸಿನಗಾಗ್ ಎಲ್ಲರಿಗೂ ಗೊತ್ತು, ಜನ ಲಾಲ್ ದೇವುಳ್ ಅನ್ನುತ್ತಾರೆ. ಬಾಗ್ದಾದಿನಿಂದ ಬಂದ ಡೇವಿಡ್ ಸಸೂನ್ ಕಟ್ಟಿಸಿದ್ದು, ಅವರ ಸಮಾಧಿಯೂ ಅದೇ ಅಂಗಳದಲ್ಲಿದೆ. ನಮ್ಮ ಕೂಲಿಯವರ ಮಕ್ಕಳು ಹುಟ್ಟುವ ಸಸೂನ್ ದವಾಖಾನೆಗೂ ಅವರದೇ ಹೆಸರು. ಕೊಂಕಣದ ಬೆನೆ ಇಸ್ರೇಲರು ಇನ್ನೂ ಹಳಬರು. ಎಣ್ಣೆ ಗಾಣ ತಿರುಗಿಸುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೆ ಊರವರು ಅವರನ್ನು ಶನಿವಾರ ತೇಲಿ ಎಂದು ಕರೆದರು. ಶತಮಾನಗಳ ಕಾಲ ಕೈಯಲ್ಲಿ ಪುಸ್ತಕವಿಲ್ಲದೆ, ಸಬ್ಬತ್, ಸುನ್ನತಿ, ಊಟದ ಕಟ್ಟಳೆ, ಒಂದು ಪ್ರಾರ್ಥನೆ ಇಷ್ಟನ್ನು ಕಾಪಾಡಿಕೊಂಡು ಬಂದ ಜನ.

ಅಂಥ ಒಬ್ಬ ಅಜ್ಜ ನನಗೆ ಹಳೆಯ ಪರಿಚಯ, ರಾಸ್ತಾ ಪೇಟೆಯಲ್ಲಿದ್ದಾರೆ. ತಮ್ಮನನ್ನು ಅವರ ಮನೆಗೆ ಕರೆದುಕೊಂಡು ಹೋದೆ. ಮಾತೆಲ್ಲ ಮರಾಠಿಯಲ್ಲಿ. ಅಜ್ಜ ಗೊಂಡೆಗಳನ್ನು ನೋಡಿದರು. ಬೇಸರ ಮಾಡಿಕೊಳ್ಳಲಿಲ್ಲ. ಇದನ್ನು ನಾಲ್ಕು ಮೂಲೆ ಇರುವ ಬಟ್ಟೆಗೆ ಕಟ್ಟಬೇಕು ಮಗಾ, ಬೆಲ್ಟಿಗೆ ಮೂಲೆ ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು. ಆಮೇಲೆ 613 ಆಜ್ಞೆಗಳ ಲೆಕ್ಕ ಹೇಳಿದರು. ಮಾಡು ಎನ್ನುವವು 248, ಮಾಡಬೇಡ ಎನ್ನುವವು 365. ಅದರಲ್ಲಿ ದೊಡ್ಡ ಪಾಲು ದೇವಾಲಯ, ಯಾಜಕರು, ಬಲಿಗಳಿಗೆ ಸೇರಿದ್ದು. ಕ್ರಿ.ಶ. 70ರಲ್ಲಿ ರೋಮಿನವರು ದೇವಾಲಯ ಕೆಡವಿದ ಮೇಲೆ ಅದನ್ನೆಲ್ಲ ಪಾಲಿಸಲು ಯೆಹೂದ್ಯರಿಗೇ ಆಗುವುದಿಲ್ಲ.

"ಮತ್ತ ನಾವು?" ಎಂದು ತಮ್ಮ ಕೇಳಿದ. ಅಜ್ಜ ಹೇಳಿದ್ದು ಹೀಗೆ: ಇದು ಸೀನಾಯಿಯಲ್ಲಿ ನಮ್ಮ ಮನೆತನದ ಜೊತೆ ಆದ ಒಡಂಬಡಿಕೆ. ಬೇರೆ ಜನಾಂಗಗಳ ಮೇಲೆ ದೇವರು ಇದನ್ನು ಹಾಕಿಲ್ಲ. ನೋಹನ ಮಕ್ಕಳಿಗೆ ಏಳು ಆಜ್ಞೆ ಇದೆ ಎಂದು ನಮ್ಮ ಗುರುಗಳು ಹೇಳುತ್ತಾರೆ, ಅದನ್ನು ಪಾಲಿಸಿದರೆ ಸಾಕು.

ನಮ್ಮ ನಂಬಿಕೆ ಅಜ್ಜನ ನಂಬಿಕೆ ಒಂದಲ್ಲ. ಯೇಸುವಿನ ವಿಷಯದಲ್ಲಿ ಅವರು ನಮ್ಮ ಜೊತೆ ಬರುವುದಿಲ್ಲ. ಆದರೂ ಈ ಒಂದು ವಿಷಯದಲ್ಲಿ ಪೇತ್ರ, ಯಾಕೋಬರು ಹೇಳಿದ್ದನ್ನೇ ಅವರು ಇನ್ನೊಂದು ಬದಿಯಿಂದ ಹೇಳಿದರು. ಆ ದಿನ ತಮ್ಮ ಬಸ್ಸಿನಲ್ಲಿ ಮಾತೇ ಆಡಲಿಲ್ಲ.

ಹೊರಡುವ ಮುಂಚೆ ಅವನು ಹಂಚಿನ ವಿಷಯವನ್ನೂ ಕೇಳಿದ್ದ. ಅಜ್ಜ, "ಕಬ್ಬಿಣದ್ದು ತಾನೆ? ಕೆಂಪಗೆ ಕಾಯಿಸು, ಅಷ್ಟೇ," ಅಂದಿದ್ದರು. ಬೆಂಕಿ ತಾಳುವ ಲೋಹ ಬೆಂಕಿ ದಾಟಿದರೆ ಶುದ್ಧ ಅಂತ ಅರಣ್ಯಕಾಂಡ 31ರಲ್ಲಿ ಇದೆ. ಹೊಸ ಹಂಚು ತರುವ ಮೊದಲು ಆ ಅಧ್ಯಾಯವನ್ನು ಯಾವ ವಿಡಿಯೋವೂ ಅವನಿಗೆ ಹೇಳಿರಲಿಲ್ಲ.

ಶನಿವಾರದ ಪಗಾರ

ಈ ಪ್ರಕರಣ ತಿರುಗಿದ್ದು ಯೆರೂಸಲೇಮಿನ ಪತ್ರದಿಂದ ಅಲ್ಲ. ಪಗಾರದಿಂದ.

ಅವನ ಗ್ಯಾಂಗಿನ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಳು. ನಮ್ಮ ಸಭೆಯವಳೇ. ಮೊದಲು ಸೋಮವಾರದಿಂದ ಶನಿವಾರ ಕೆಲಸ. ಶನಿವಾರ ಸಂಜೆ ವಾರದ ಪಗಾರ. ಅದೇ ಸಂಜೆ ಅಂಗಡಿಗೆ ಹೋಗಿ ಜೋಳ, ಎಣ್ಣೆ ತರುವುದು. ಈಗ ಶನಿವಾರ ಕೆಲಸ ಬಂದ್. ಭಾನುವಾರ ಕೆಲಸಕ್ಕೆ ಬಂದರೆ ಆರಾಧನೆ ತಪ್ಪುತ್ತದೆ, ಬರದಿದ್ದರೆ ಒಂದು ಹಾಜರಿ ಹೋಗುತ್ತದೆ. ಶನಿವಾರ ಅವನು ದುಡ್ಡು ಮುಟ್ಟುವುದಿಲ್ಲ, ಆದ್ದರಿಂದ ಪಗಾರ ಭಾನುವಾರ. "ಶನಿವಾರ ರಾತ್ರಿ ಅಂಗಡ್ಯಾಗ ಉದ್ರಿ ಕೇಳಬೇಕಾಗ್ಯದ ಕಾಕಾ. ಅಣ್ಣಗ ಹೆಂಗ ಹೇಳೋದು? ದೇವರ ಕೆಲಸ ಅಂತಾನ."

ನಾಲ್ಕನೆಯ ಶನಿವಾರ ನಾನು ಬೇರೇನೂ ತೆಗೆಯಲಿಲ್ಲ. ಧರ್ಮೋಪದೇಶಕಾಂಡ 24, 14 ಮತ್ತು 15ನೇ ವಚನ ಅವನ ಕೈಲೇ ಓದಿಸಿದೆ. ಬಡ ಕೂಲಿಯವನ ಕೂಲಿಯನ್ನು ಆಯಾ ದಿನವೇ, ಹೊತ್ತು ಮುಳುಗುವ ಮೊದಲೇ ಕೊಡಬೇಕು. ಅವನು ಬಡವ, ಅದರ ಮೇಲೇ ಆಸೆ ಇಟ್ಟುಕೊಂಡಿರುತ್ತಾನೆ. ಅವನು ಯೆಹೋವನಿಗೆ ಮೊರೆಯಿಟ್ಟರೆ ನಿನಗೆ ಪಾಪ. ಆಮೇಲೆ ಅದೇ ಪುಸ್ತಕದ 5ನೇ ಅಧ್ಯಾಯ: ನಿನ್ನ ಆಳುಗಳೂ ನಿನ್ನಂತೆಯೇ ವಿಶ್ರಮಿಸಿಕೊಳ್ಳಲಿ ಅಂತಲೇ ಸಬ್ಬತ್ ಕೊಟ್ಟದ್ದು.

"ಅವರಿಗೆ ವಿಶ್ರಾಂತಿ ಸಿಕ್ತೇನು ತಮ್ಮಾ?" ಎಂದು ಕೇಳಿದೆ. ಇನ್ನೇನೂ ಕೇಳಲಿಲ್ಲ.

ಅವನು ಎದ್ದು ಒಳಗೆ ಹೋದ. ನೀರು ಕುಡಿದು ಬಂದ. ಕಣ್ಣು ಕೆಂಪಾಗಿತ್ತು. ಸ್ಲ್ಯಾಬಿನಿಂದ ಬಿದ್ದವನು ಕೂಲಿಯವನ ಕಷ್ಟ ಮರೆಯುವ ಹುಡುಗ ಅಲ್ಲ. ತನ್ನ ದಿನವನ್ನು ಕಾಪಾಡುವ ಭರದಲ್ಲಿ ಅವರ ಸಂಜೆ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮುಂದಿನ ವಾರದಿಂದ ಪಗಾರ ಶುಕ್ರವಾರ ಸಂಜೆ ಐದಕ್ಕೆ. ಹೊತ್ತು ಮುಳುಗುವ ಮೊದಲು. ಶನಿವಾರ ಕೆಲಸ ಬೇಕು ಎನ್ನುವವರಿಗೆ ಅದೇ ಕಟ್ಟಡದ ಸೂಪರ್‌ವೈಜರ್ ಪುಸ್ತಕದಲ್ಲಿ ಹಾಜರಿ ಬರೆಸಿಕೊಟ್ಟ. ಭಾನುವಾರ ಬರಲೇಬೇಕು ಎನ್ನುವುದನ್ನು ಬಿಟ್ಟ. ಪೂರ್ತಿ ಸರಿಹೋಯಿತು ಎನ್ನಲಾರೆ, ಒಬ್ಬಿಬ್ಬರಿಗೆ ಈಗಲೂ ಒಂದು ಹಾಜರಿ ಕಡಿಮೆ ಬೀಳುತ್ತದೆ. ಆದರೆ ಇನ್ನೊಂದು ಕೆಲಸ ಅವನು ಮಾಡಿದ. ಸ್ಲ್ಯಾಬಿನ ಅಂಚಿಗೆ ಕಟಕಟೆ ಕಟ್ಟದೆ ತನ್ನ ಗ್ಯಾಂಗನ್ನು ಮೇಲೆ ಹತ್ತಿಸುವುದಿಲ್ಲ ಎಂದು ಎರಡು ಕಡೆ ಜಗಳ ಆಡಿದ. ಒಂದು ಠೇಕೆ ಕೈಬಿಟ್ಟಿತು. ಇನ್ನೊಂದು ಕಡೆ ಕಟಕಟೆ ಬಂತು. ಧರ್ಮೋಪದೇಶಕಾಂಡ 22:8ನ್ನು ಹೀಗೆ ಪಾಲಿಸಿದ್ದನ್ನು ನಾನು ನನ್ನ ಜೀವನದಲ್ಲಿ ನೋಡಿದ್ದು ಅದೊಂದೇ ಸಲ.

ಎಂಟನೆಯ ದಿನ

ಅಷ್ಟರಲ್ಲಿ ಅವನ ಹೆಂಡತಿಗೆ ದಿನ ತುಂಬಿತು. ಗಂಡು ಮಗು. ಆದಿಕಾಂಡ 17ರ ಪ್ರಕಾರ ಎಂಟನೆಯ ದಿನ ಸುನ್ನತಿ ಆಗಬೇಕು ಎಂದು ಅವನ ಮನಸ್ಸಿನಲ್ಲಿ ಇನ್ನೂ ಇತ್ತು. ಐದನೆಯ ಶನಿವಾರ ನಾವು ಕೂತದ್ದು ಬಾಣಂತಿಯ ಮಂಚದ ಪಕ್ಕದಲ್ಲಿ.

ಪೌಲ ತನ್ನ ಜೊತೆಗಾರ ತಿಮೊಥೆಗೆ ಸುನ್ನತಿ ಮಾಡಿಸಿದನಲ್ಲ ಎಂದು ತಮ್ಮ ಕೇಳಿದ. ಮಾಡಿಸಿದ, ನಿಜ. ತಿಮೊಥೆಯ ತಾಯಿ ಯೆಹೂದ್ಯಳು. ಆದರೆ ಗ್ರೀಕನಾದ ತೀತನಿಗೆ ಮಾಡಿಸಿ ಎಂದು ಒತ್ತಾಯ ಬಂದಾಗ ಅದೇ ಪೌಲ ಒಂದು ಗಳಿಗೆಯೂ ಬಗ್ಗಲಿಲ್ಲ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಸುನ್ನತಿ ಮಾಡಿಸಿಕೊಂಡವನು ಧರ್ಮಶಾಸ್ತ್ರವನ್ನೆಲ್ಲ ಪಾಲಿಸುವ ಹಂಗಿಗೆ ಬೀಳುತ್ತಾನೆ ಎಂದು ಬರೆದ. ದೇವಾಲಯವೇ ಇಲ್ಲದ ಮೇಲೆ ಎಲ್ಲವನ್ನೂ ಪಾಲಿಸುವುದು ಹೇಗೆ? ಅಜ್ಜ ಹೇಳಿದ್ದು ಅವನಿಗೆ ನೆನಪಾಗಿರಬೇಕು, ತಲೆ ತಗ್ಗಿಸಿದ. ಅದೇ ಪತ್ರದಲ್ಲಿ ಧರ್ಮಶಾಸ್ತ್ರಕ್ಕೆ ಪೌಲ ಬಳಸಿದ ಗ್ರೀಕ್ ಪದ ಪೈದಗೋಗಸ್. ಯಜಮಾನನ ಹುಡುಗನನ್ನು ಕೈಹಿಡಿದು ಶಾಲೆಗೆ ಕರೆದೊಯ್ಯುವ ಮನೆಯಾಳು ಅಂತ ಅದರ ಅರ್ಥ. ಆ ಆಳಿನ ಮೇಲೆ ಹುಡುಗನಿಗೆ ಪ್ರೀತಿ ಇರಬೇಕು, ಗೌರವ ಇರಬೇಕು. ದೊಡ್ಡವನಾದ ಮೇಲೂ ಅವನ ಕೈ ಹಿಡಿದೇ ನಡೆಯಬೇಕು ಅಂತಿಲ್ಲ.

ಮಾತು ಮುಗಿಸಿದ್ದು ಅವನ ಹೆಂಡತಿ. ಕೂಸನ್ನು ಎದೆಗೆ ಹಚ್ಚಿಕೊಂಡೇ ಹೇಳಿದಳು: "ಅಬ್ರಹಾಮಗ ದೇವರು ಖುದ್ದು ಹೇಳಿದ. ನಿಮಗ ಮೊಬೈಲ್ ಹೇಳ್ಯದ. ನನ್ನ ಕೂಸು ದೊಡ್ಡಂವ ಆಗ್ಲಿ, ಓದ್ಲಿ, ಅವಂಗ ದೇವರು ಏನ್ ಹೇಳ್ತಾನೋ ನೋಡೋಣು."

ಎಂಟನೆಯ ದಿನ ಬಂತು, ಹೋಯಿತು. ಅಯ್ಯನವರು ಮನೆಗೆ ಬಂದು ಕೂಸಿಗೆ ಪ್ರಾರ್ಥನೆ ಮಾಡಿದರು. ತಮ್ಮನ ಹೆಗಲ ಮೇಲೆ ಕೈಯಿಟ್ಟು, ಅವತ್ತು ನಾನು ಅವಸರ ಮಾಡಿದೆ ಎಂದು ಎಲ್ಲರ ಎದುರಿಗೇ ಹೇಳಿದರು.

ಈಗ

ತಮ್ಮ ತೋರಾವನ್ನು ಬಿಟ್ಟಿಲ್ಲ. ನಾನು ಬಿಡಿಸಲೂ ಇಲ್ಲ. ಶನಿವಾರ ಇಟ್ಟುಕೊಳ್ಳುತ್ತಾನೆ, ಸೀಗಡಿ ತಿನ್ನುವುದಿಲ್ಲ. ಭಾನುವಾರ ಸಭೆಗೆ ಬರುತ್ತಾನೆ. ಜಸ್ಟಿನ್ ಇನ್ನೊಂದು ಕಡೆ ಬರೆದಿದ್ದಾನೆ: ಯೇಸುವನ್ನು ನಂಬಿದ ಯೆಹೂದ್ಯರಲ್ಲಿ ಕೆಲವರು ಮೋಶೆಯ ಕಟ್ಟಳೆಗಳನ್ನೂ ಇಟ್ಟುಕೊಳ್ಳಬೇಕು ಎಂದರೆ ಇಟ್ಟುಕೊಳ್ಳಲಿ, ಅವರು ನಮ್ಮ ಸಹೋದರರೇ, ಆದರೆ ಬೇರೆಯವರನ್ನು ಒತ್ತಾಯ ಮಾಡಬಾರದು. ತಮ್ಮ ಯೆಹೂದ್ಯನಲ್ಲ. ಆದರೂ ನಾನು ಆ ಅಳತೆಯನ್ನೇ ಹಿಡಿದೆ.

ಅಕ್ಕನಿಗೆ ನಾನು ಪಂಡಿತಾ ರಮಾಬಾಯಿಯ ಕಥೆ ಹೇಳಿದೆ. 1858ರಲ್ಲಿ ಕನ್ನಡ ನಾಡಿನ ಘಟ್ಟದ ಮೇಲಿನ ಗಂಗಾಮೂಲದಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಆಮೇಲೆ ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ, ಎಲ್ಲ ಜಾತಿಯ ಅನಾಥ ಹೆಣ್ಣುಮಕ್ಕಳನ್ನು ಒಂದೇ ಸೂರಿನ ಕೆಳಗೆ ಸಾಕಿದರು. ಕ್ರೈಸ್ತರಾದ ಮೇಲೂ ಸಸ್ಯಾಹಾರ ಬಿಡಲಿಲ್ಲ. ತಟ್ಟೆಯಲ್ಲಿ ಏನಿರಬೇಕು ಎನ್ನುವುದು ಅವರದೇ ಆಯ್ಕೆ, ಪಕ್ಕದಲ್ಲಿ ಯಾರು ಕೂರಬೇಕು ಎನ್ನುವುದಕ್ಕೆ ಅದು ಅಡ್ಡ ಬರಲಿಲ್ಲ. ಅಕ್ಕ ಕೇಳಿಸಿಕೊಂಡರು. "ತಿನ್ನದಿದ್ರ ನನಗೇನೂ ಇಲ್ಲ. ಕೂಡಿ ಉಣ್ಣಲಿ," ಅಂದರು.

ಗಲಾತ್ಯ 2ರಲ್ಲಿ ಪೌಲ ಪೇತ್ರನ ಮುಖಕ್ಕೆ ಮುಖ ಕೊಟ್ಟು ಎದುರು ಮಾತಾಡಿದ್ದು ಇದೇ ಕಾರಣಕ್ಕೆ. ಪೇತ್ರ ಸುಳ್ಳು ಬೋಧನೆಯನ್ನೇನೂ ಮಾಡಿರಲಿಲ್ಲ. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಊಟಕ್ಕೆ ಕೂತಿದ್ದವನು, ಯಾಕೋಬನ ಕಡೆಯವರು ಬಂದರು ಎಂದು ಎದ್ದು ದೂರ ಸರಿದ. ಅಷ್ಟೇ. ಅಷ್ಟಕ್ಕೇ ಪೌಲ, ನೀನು ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಎಂದ. ಈ ಅಧ್ಯಾಯವನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಅಕ್ಕ ಬಸಿಯ ಮಾತು ಹೇಳಿದ ಮೇಲೆಯೇ ನನಗೆ ಅರ್ಥವಾದದ್ದು. ನಂಬಿದವನು ತೋರಾ ಪಾಲಿಸಬಹುದೇ ಎಂದು ಈಗ ಯಾರಾದರೂ ಕೇಳಿದರೆ, ಅದು ನಿನ್ನನ್ನು ಯಾರ ಪಕ್ಕದಿಂದ ಎಬ್ಬಿಸುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ.

ನಮ್ಮ ಸಂಡೇ ಸ್ಕೂಲಿನಲ್ಲೂ ಒಂದು ಬದಲಾವಣೆ ಆಗಿದೆ. ಯಾಜಕಕಾಂಡವನ್ನು ಹಾರಿಸುವುದಿಲ್ಲ. 19ನೇ ಅಧ್ಯಾಯದಿಂದ ಶುರು ಮಾಡಿದೆವು: ಹೊಲದ ಮೂಲೆಯ ಪೈರನ್ನು ಬಡವನಿಗೂ ಪರದೇಶಿಗೂ ಬಿಡುವುದು, ಕಿವುಡನನ್ನು ದೂಷಿಸದಿರುವುದು, ಕೂಲಿಯನ್ನು ಬೆಳಗಿನವರೆಗೆ ಹಿಡಿದಿಟ್ಟುಕೊಳ್ಳದಿರುವುದು, ನೆರೆಯವನನ್ನು ನಿನ್ನಂತೆಯೇ ಪ್ರೀತಿಸುವುದು. ಪಾಠ ಮಾಡುವವನು ತಮ್ಮ. ಮಕ್ಕಳಿಗೆ ಅವನು ಇಷ್ಟ.

ಹೋದ ತಿಂಗಳು ಸಭೆಯಲ್ಲಿ ಪ್ರೇಮಭೋಜನ ಇತ್ತು. ಎಲ್ಲರೂ ಮನೆಯಿಂದ ಒಂದೊಂದು ತಂದಿದ್ದರು. ಅಕ್ಕ ರೊಟ್ಟಿ ಗಂಟು ಬಿಚ್ಚಿದರು. ಎರಡು ಡಬ್ಬಿ ಇದ್ದವು. ಒಂದರಲ್ಲಿ ಸೀಗಡಿ ಚಟ್ನಿ, ಇನ್ನೊಂದರಲ್ಲಿ ಶೇಂಗಾ ಹಿಂಡಿ. ತಮ್ಮ ಬಂದು ತಾಯಿಯ ಪಕ್ಕದಲ್ಲಿ ಕೂತ. ಕೂಸು ಅಕ್ಕನ ತೊಡೆಯ ಮೇಲಿತ್ತು, ಅವರ ಕೈ ಖಾಲಿ ಇರಲಿಲ್ಲ. ಅವನು ಒಂದೇ ತಟ್ಟೆಗೆ ಎರಡು ರೊಟ್ಟಿ ಹಾಕಿದ. ಒಂದು ಬದಿಗೆ ಅವ್ವನಿಗೆ ಸೀಗಡಿ ಬಡಿಸಿದ, ಇನ್ನೊಂದು ಬದಿಗೆ ತನಗೆ ಶೇಂಗಾ ಹಿಂಡಿ. ರೊಟ್ಟಿ ಮುರಿದು ಮೊದಲ ತುತ್ತು ಅವ್ವನ ಬಾಯಿಗೆ ಕೊಟ್ಟು, ಆಮೇಲೆ ತಾನು ಉಂಡ.

ಶೇಂಗಾವನ್ನು ಯಾವ ಹಂಚಿನಲ್ಲಿ ಹುರಿದೆ ಎಂದು ಅವನು ಕೇಳಲಿಲ್ಲ. ಅಕ್ಕನೂ ಹೇಳಲಿಲ್ಲ.